ಬಿಯರ್ ಸಾವ್ಕಾರ ಕಂಡ ಚಂದ್ರರು

ಕಿತ್ತೂರು ಕೋಟೆಗೆ ಹೋದವರು ಅರಮನೆಯ ಗೋಡೆಯಲ್ಲಿರುವ ಧ್ರುವ ನಕ್ಷತ್ರದ ಕಿಂಡಿಗೆ ಕಣ್ಣು ಹಚ್ಚದೆ ಬರುವುದಿಲ್ಲ. ಟ್ರಿಪ್ಪಿಗೆ ಬಂದ ಸಾಲಿ ಹುಡುಗರಂತೂ ಅಲ್ಲಿ ಪಾಳಿ ಹಚ್ಚುತ್ತಾರೆ. ಹಗಲು ಹೊತ್ತಾದ್ದರಿಂದ ಕಾಣುವುದು ಬರೀ ಬೆಳಕು. ಆದರೂ ಆ ಕಿಂಡಿಯ ಮೇಲೆ ನನಗೆ ಬಲು ಪ್ರೀತಿ. ಗಾಜಿಲ್ಲ, ಕನ್ನಡಿಯಿಲ್ಲ, ಆಕಾಶವೆಲ್ಲ ತಿರುಗಿದರೂ ಧ್ರುವ ಜಾಗ ಬಿಡುವುದಿಲ್ಲ ಎಂಬ ಒಂದೇ ಭರವಸೆಯ ಮೇಲೆ ಕಟ್ಟಿದ್ದು. ನಮ್ಮ ಕಡೆ ಧ್ರುವ ದಿಗಂತದಿಂದ 15-16 ಡಿಗ್ರಿಯಷ್ಟೇ ಮೇಲೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಲ್ಲಿ ನಿಂತರೂ ಅಷ್ಟೇ. ಉತ್ತರಕ್ಕೊಂದು ಮಾಳಿಗೆ ಮನೆ ಎದ್ದರೆ ಮುಗಿಯಿತು, ಮರೆಯಾಗಿಬಿಡುತ್ತದೆ.

ಈ ಕಿಂಡಿಯ ಮಾತು ಬಂದಾಗೆಲ್ಲ ನನಗೆ ವಿಲಿಯಂ ಲ್ಯಾಸೆಲ್ ನೆನಪಾಗುತ್ತಾನೆ. ಲಿವರ್‌ಪೂಲಿನಲ್ಲಿ ಬಿಯರ್ ಭಟ್ಟಿ ಇಟ್ಟ ಸಾವ್ಕಾರ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮನ ದಂಡು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯನ್ನು ಕೆಡವಿದಾಗ ಇವನಿಗೆ 25 ವರ್ಷ. ಅಷ್ಟರಲ್ಲಾಗಲೇ, ಕೊಳ್ಳಲು ರೊಕ್ಕ ಸಾಲದೆ, ದೂರದರ್ಶಕಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಮುಂದೆ ಭಟ್ಟಿ ಕೈಹಿಡಿದು ರೊಕ್ಕ ಬಂದ ಮೇಲೂ ಮಾಡುವ ಚಟ ಬಿಡಲಿಲ್ಲ. ನನಗೆ ಮನಸ್ಸಿಗೆ ಹಿಡಿಸಿದ್ದು ಅದೇ.

ಆ ಕಾಲದ ಕನ್ನಡಿ ಗಾಜಿನದಲ್ಲ. ತಾಮ್ರಕ್ಕೆ ತವರ ಬೆರೆಸಿ ಎರಕ ಹೊಯ್ದ ಬಿಳಿ ಲೋಹದ ಬಿಲ್ಲೆ. ಅವಸರದಲ್ಲಿ ಆರಿದರೆ ಸೀಳುತ್ತದೆ. ಹವೆಗೆ ಮಸುಕಾಗುತ್ತದೆ, ಆಗ ಮತ್ತೆ ಉಜ್ಜಬೇಕು, ಉಜ್ಜುವಾಗ ಆಕಾರ ಕೆಟ್ಟರೆ ಮೊದಲಿಂದ ಶುರು. ಐರ್ಲೆಂಡಿನಲ್ಲಿ ಲಾರ್ಡ್ ರಾಸ್ ಉಜ್ಜುವುದಕ್ಕೆ ಯಂತ್ರ ಮಾಡಿದ್ದನ್ನು ಲ್ಯಾಸೆಲ್ ಹೋಗಿ ನೋಡಿ ಬಂದ. ಸಮಾಧಾನವಾಗಲಿಲ್ಲ. ಉಗಿ ಸುತ್ತಿಗೆಯ ಖ್ಯಾತಿಯ ಜೇಮ್ಸ್ ನ್ಯಾಸ್ಮಿತ್ ಅವನ ಗೆಳೆಯ. ಅವನ ನೆರವಿನಿಂದ ಬೇರೆಯದೇ ಯಂತ್ರ ಮಾಡಿಸಿದ. ಅದರ ಗುಟ್ಟು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಜೋಳದ ರೊಟ್ಟಿ ಬಡಿಯುವಾಗ ಪ್ರತಿ ಬಡಿತಕ್ಕೂ ರೊಟ್ಟಿ ತುಸು ತಿರುಗುತ್ತದೆ, ಹಿಂದಿನ ಪೆಟ್ಟು ಬಿದ್ದಲ್ಲೇ ಮುಂದಿನದು ಬೀಳುವುದಿಲ್ಲ. ಕನ್ನಡಿಯೂ ಹಾಗೆಯೇ ಹದಕ್ಕೆ ಬರಬೇಕು. 24 ಇಂಚಿನ ಕನ್ನಡಿ ಆ ಯಂತ್ರದಲ್ಲೇ ಸಿದ್ಧವಾಯಿತು.

ಅದನ್ನು ಕೂರಿಸಿದ ರೀತಿ ಇನ್ನೂ ದೊಡ್ಡದು. ಅಲ್ಲಿಯತನಕ ಭಾರಿ ಕನ್ನಡಿಯ ದೂರದರ್ಶಕಗಳನ್ನು ಹಗ್ಗ, ರಾಟೆ, ಏಣಿ ಕಟ್ಟಿ ಎಳೆದಾಡಬೇಕಿತ್ತು. ಲ್ಯಾಸೆಲ್ ತನ್ನದರ ಅಚ್ಚನ್ನು ನೇರ ಧ್ರುವದತ್ತ ಗುರಿಯಿಟ್ಟ. ಅದೊಂದೇ ಅಚ್ಚಿನ ಮೇಲೆ ನಿಧಾನ ತಿರುಗಿಸಿದರೆ ಸಾಕು, ನಕ್ಷತ್ರ ಕಣ್ಣಿನಿಂದ ಜಾರುವುದಿಲ್ಲ. ಕಿತ್ತೂರಿನ ಕಿಂಡಿ ತೋರಿಸುವ ಗೆರೆಯೂ ಅದೇ. ಲಿವರ್‌ಪೂಲಿನಲ್ಲಿ ಅದು 53 ಡಿಗ್ರಿ ಎದ್ದು ನಿಲ್ಲುತ್ತದೆ, ನಮ್ಮಲ್ಲಿ ಹೆಚ್ಚುಕಡಿಮೆ ಮಲಗಿದಂತೆ.

1846ರ ಸೆಪ್ಟೆಂಬರ್ 23ರಂದು ಬರ್ಲಿನ್ನಿನಲ್ಲಿ ನೆಪ್ಚೂನ್ ಸಿಕ್ಕಿತು. ಅದಕ್ಕೆ ಚಂದ್ರರಿದ್ದಾರೋ ನೋಡು ಎಂದು ಖಗೋಳಜ್ಞ ಜಾನ್ ಹರ್ಷೆಲ್ ಲ್ಯಾಸೆಲ್‌ಗೆ ಕಾಗದ ಬರೆದ. ಅಕ್ಟೋಬರ್ 10ರಂದು, ಗ್ರಹ ಸಿಕ್ಕ 17ನೇ ದಿನಕ್ಕೆ, ಟ್ರೈಟನ್ ಸಿಕ್ಕಿತು. ಅದರ ಜೊತೆಗೆ ನೆಪ್ಚೂನಿಗೆ ಉಂಗುರವೂ ಇದ್ದಂತೆ ಕಂಡಿತು! ಬೇರೆಯವರೂ ಕಂಡೆವೆಂದರು. ಮುಂದೆ ಮಾಲ್ಟಾ ದ್ವೀಪದಲ್ಲಿ ಅವನೇ ಕೊಳವೆಯನ್ನು ತಿರುಗಿಸಿ ಪರೀಕ್ಷಿಸಿದಾಗ ಉಂಗುರವೂ ತಿರುಗಿತು. ಅಂದರೆ ದೋಷ ಉಪಕರಣದ್ದು. ಉಂಗುರದ ಮಾತು ಬಿಟ್ಟುಕೊಟ್ಟ. ಹೊಸ ಚಂದ್ರನನ್ನು ಕಂಡದ್ದಕ್ಕಿಂತ ತಾನೇ ಕಂಡ ಉಂಗುರವನ್ನು ತಾನೇ ಅಳಿಸಿದ್ದಕ್ಕೆ ನಾನು ಅವನಿಗೆ ಕೈ ಮುಗಿಯುತ್ತೇನೆ.

1848ರಲ್ಲಿ ಶನಿಯ ಹೈಪೀರಿಯನ್. ಅದನ್ನು ಅಮೆರಿಕದ ಬಾಂಡ್ ತಂದೆ-ಮಗನೂ ಅದೇ ವಾರ ಕಂಡರು. 1851ರಲ್ಲಿ ಯುರೇನಸ್ಸಿನ ಏರಿಯಲ್, ಅಂಬ್ರಿಯೆಲ್. ಲಿವರ್‌ಪೂಲಿನ ಮೋಡ, ಹೊಗೆ ಸಾಕಾಗಿ ಉಪಕರಣವನ್ನೇ ಹಡಗಿಗೆ ಹೇರಿಕೊಂಡು ಮಾಲ್ಟಾಕ್ಕೆ ಹೋದ. 1861ರಲ್ಲಿ ಎರಡನೆಯ ಸಲ ಹೋದಾಗ ಒಯ್ದದ್ದು 48 ಇಂಚಿನ ಕನ್ನಡಿ.

ಇದನ್ನೆಲ್ಲ ಬೈಲಹೊಂಗಲದ ಅರಳೆ ವ್ಯಾಪಾರಿ ಗೆಳೆಯರೊಬ್ಬರಿಗೆ ಹೇಳುತ್ತಿದ್ದೆ. "ಅಲ್ರೀ, ಇಷ್ಟೆಲ್ಲಾ ಮಾಡಿ ಅವಗೇನು ಗಿಟ್ಟಿತ್ರೀ?" ಅಂದರು. "ನಾಕು ಚಂದ್ರ ಗಿಟ್ಟಿದೂವಲ್ರೀ" ಅಂದೆ. ಗೆಳೆಯರು ತುಸು ಹೊತ್ತು ಸುಮ್ಮನಿದ್ದು, ಯುರೇನಸ್ ಎಲ್ಲಿ ಬರುತ್ತದೆಂದು ಕೇಳಿದರು.

ಯುರೇನಸ್ಸಿನ ಹಾದಿಯಲ್ಲಿ ನಮ್ಮವರೂ ನಡೆದಿದ್ದಾರೆ. 1977ರ ಮಾರ್ಚ್ 10ರ ರಾತ್ರಿ ಅದು ಒಂದು ನಕ್ಷತ್ರಕ್ಕೆ ಅಡ್ಡ ಬರುವುದಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜೆ.ಸಿ. ಭಟ್ಟಾಚಾರ್ಯ, ಕೆ. ಕುಪ್ಪುಸ್ವಾಮಿ ಇಬ್ಬರೂ ಕಾವಲೂರಿನ 40 ಇಂಚಿನ ದೂರದರ್ಶಕದಿಂದ ಆ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದರು. ಗ್ರಹ ಬರುವ ಮೊದಲೇ ಬೆಳಕು ಕುಗ್ಗಿತು. ಹೊಸ ಚಂದ್ರನಿರಬೇಕೆಂದು ಪ್ರಕಟಿಸಿದರು. ಅದೇ ರಾತ್ರಿ ವಿಮಾನದಿಂದ ನೋಡಿದ ಅಮೆರಿಕದವರ ಲೆಕ್ಕವೂ ಸೇರಿದಾಗ ಗೊತ್ತಾಯಿತು, ಅಡ್ಡ ಬಂದದ್ದು ಯುರೇನಸ್ಸಿನ ಉಂಗುರ. ಲ್ಯಾಸೆಲ್‌ಗೆ ಉಂಗುರ ಹೋಗಿ ಚಂದ್ರ ಉಳಿದ, ಇವರಿಗೆ ಚಂದ್ರ ಹೋಗಿ ಉಂಗುರ ಉಳಿಯಿತು.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಜನ ಹುಣ್ಣಿಮೆಗೆ ಕೂಡುತ್ತಾರೆ. ಲ್ಯಾಸೆಲ್ ಕಂಡಂಥ ಚಿಕ್ಕ ಚಂದ್ರರನ್ನು ನೋಡುವವರು ಅಮಾವಾಸ್ಯೆಯ ಆಸುಪಾಸು ಊರ ದೀಪ ದಾಟಿ ಹೋಗಬೇಕು. ಗುರುವಿನ ನಾಲ್ಕು ಚಂದ್ರರು ಸಾಧಾರಣ ಬೈನಾಕ್ಯುಲರಿಗೇ ಸಿಗುತ್ತಾರೆ, ಶನಿಯ ಟೈಟನ್ 3 ಇಂಚಿನ ದೂರದರ್ಶಕಕ್ಕೆ. ಟ್ರೈಟನ್ ಬೇಕೆಂದರೆ 10-12 ಇಂಚಿನ ಕನ್ನಡಿ ಬೇಕು. ಗಾಜಿನ ಬಿಲ್ಲೆ, ಉಜ್ಜುವ ಪುಡಿ, ತಾಳ್ಮೆ ಇದ್ದರೆ 6 ಇಂಚಿನದನ್ನು ಹೈಸ್ಕೂಲು ಮಕ್ಕಳು ಕೈಯಿಂದಲೇ ಮಾಡಬಲ್ಲರು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳಲ್ಲಿ ಒಂದು ಸಾಲಿಯಾದರೂ ಕೈ ಹಚ್ಚಲಿ, ಕಲಿಸುವ ಮಾಸ್ತರರಿಗೆ ಆ ರಾತ್ರಿಗಳಲ್ಲಿ ಚಹಾ ತರುವ ಕೆಲಸ ನನ್ನದು.