ಧಾರವಾಡವೋ, ಪುಣೆಯೋ?

ಮೆಟ್ರಿಕ್ ಪರೀಕ್ಷೆಯವರೆಗೆ ಕನ್ನಡದಲ್ಲಿ ಓದಿದವನು ಆಂಗ್ಲ ಸಾಹಿತ್ಯದಲ್ಲಿ ಪದವಿ ಪಡೆಯಬೇಕೆಂದು ಹಂಬಲಿಸಿದರೆ, ಅವನಿಗೆ ಉಪದೇಶ ಮಾಡುವವರಿಗೇನೂ ಕೊರತೆಯಿಲ್ಲ. ಒಬ್ಬರು ‘ಅದು ನಿನ್ನಿಂದಾಗದು’ ಎನ್ನುತ್ತಾರೆ. ಇನ್ನೊಬ್ಬರು ‘ಅದರಿಂದ ಹೊಟ್ಟೆ ತುಂಬದು’ ಎನ್ನುತ್ತಾರೆ. ಮೂರನೆಯವರು ‘ಎಲ್ಲಿ ಓದಿದರೇನು, ವಿದ್ಯಾಪೀಠಗಳೆಲ್ಲ ಒಂದೇ’ ಎನ್ನುತ್ತಾರೆ. ಮೊದಲಿನ ಇಬ್ಬರಿಗೆ ಕಾಲವೇ ಉತ್ತರ ಕೊಡುತ್ತದೆ. ಮೂರನೆಯವರ ಮಾತು ಕೇಳಲು ಹಿತವಾದುದರಿಂದಲೇ ಹೆಚ್ಚು ಅಪಾಯದ್ದು. ಈ ವರ್ಷ ನಮ್ಮ ಶಾಲೆಯ ಹತ್ತನೆಯ ಇಯತ್ತೆಯ ಕೆಲವರು ಇದೇ ವಿಷಯವನ್ನು ನನ್ನಲ್ಲಿ ವಿಚಾರಿಸಿದ್ದುಂಟು. ಆದಕಾರಣ ಸ್ವಾನುಭವದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯಲಿಚ್ಛಿಸುತ್ತೇನೆ.

ನಾನು ಹುಟ್ಟಿ ಬೆಳೆದುದು ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ. ಆ ಸೀಮೆ ನಿಂಬೆಗೆ ಹೆಸರಾದುದು. ಆದರೆ ನಮ್ಮ ಹೊಲದಲ್ಲಿ ನಿಂಬೆಯಿರಲಿಲ್ಲ, ಜೋಳವಿತ್ತು. ಅದೂ ಮಳೆಯಾದ ವರ್ಷಗಳಲ್ಲಿ ಮಾತ್ರ. 2006ರಲ್ಲಿ ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದೆ, 2008ರಲ್ಲಿ ಪಿ.ಯು.ಸಿ. ತೇರ್ಗಡೆಯಾದೆ. ಅಷ್ಟರಲ್ಲಿ ಅಣ್ಣ ಪುಣೆಗೆ ಬಂದು ಕಟ್ಟಡದ ಕೆಲಸಕ್ಕೆ ಸೇರಿದ್ದ. ತಂಗಿ ಆಗ ಎಂಟನೆಯ ತರಗತಿ. ಆಂಗ್ಲ ಸಾಹಿತ್ಯದ ಹುಚ್ಚು ನನಗೆ ಹಿಡಿದದ್ದು ಆಂಗ್ಲ ಪುಸ್ತಕದಿಂದಲ್ಲ, ಕನ್ನಡ ಪುಸ್ತಕದಿಂದ. ಕುವೆಂಪು ಅವರ ‘ರಕ್ತಾಕ್ಷಿ’ ನಾಟಕ ಕಾಲೇಜಿನ ಕಪಾಟಿನಲ್ಲಿ ಸಿಕ್ಕಿತು. ಅದು ಶೇಕ್ಸ್‌ಪಿಯರ್ ಮಹಾಕವಿಯ ‘ಹ್ಯಾಮ್ಲೆಟ್’ ನಾಟಕದ ರೂಪಾಂತರವೆಂದು ನಮ್ಮ ಉಪನ್ಯಾಸಕರು ತಿಳಿಸಿದರು. ಬಿದನೂರಿನ ಕತೆಯಾಗಿ ಓದಿದ್ದು ಡೆನ್ಮಾರ್ಕಿನ ಕತೆಯೆಂದು ತಿಳಿದಾಗ ನನಗಾದ ಆಶ್ಚರ್ಯವನ್ನು ಏನೆಂದು ಹೇಳಲಿ! ಮೂಲವನ್ನು ಓದಲೇಬೇಕೆಂಬ ಹಟ ಅಂದೇ ಹುಟ್ಟಿತು.

ಓದುವುದೇನೋ ನಿಶ್ಚಯವಾಯಿತು, ಎಲ್ಲಿ ಎಂಬುದು ಉಳಿಯಿತು. ನನ್ನ ಮುಂದಿದ್ದವು ಎರಡು ದಾರಿಗಳು: ಧಾರವಾಡದ ಕರ್ನಾಟಕ ವಿದ್ಯಾಪೀಠ, ಇಲ್ಲವೆ ಪುಣೆ ವಿದ್ಯಾಪೀಠ. ಇಂದಿರಾ ಗಾಂಧಿ ಮುಕ್ತ ವಿದ್ಯಾಪೀಠವೆಂಬ ಮೂರನೆಯ ದಾರಿಯೂ ಇತ್ತು. ಅಲ್ಲಿ ಪುಸ್ತಕಗಳು ಅಂಚೆಯಲ್ಲಿ ಬರುತ್ತವೆ, ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರಿನಲ್ಲಿ ನಡೆಯುತ್ತವೆ. ದುಡಿಯುವವರಿಗೆ ಅದು ದೊಡ್ಡ ಉಪಕಾರ. ಆದರೆ ಆಂಗ್ಲ ಕವಿತೆಯನ್ನು ಒಬ್ಬರು ಗಟ್ಟಿಯಾಗಿ ಓದುವುದನ್ನು ನಾನು ಕಿವಿಯಾರೆ ಕೇಳಬೇಕಾಗಿತ್ತು. ಹಳ್ಳಿಯ ಹುಡುಗನಿಗೆ ಆ ಭಾಷೆಯ ನಾದ ಪುಸ್ತಕದ ಹಾಳೆಯಿಂದ ಕೇಳಿಸದು. ಹೀಗಾಗಿ ಅದನ್ನು ಬಿಟ್ಟೆ.

ಇಲ್ಲೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಸಾಗಲಾರೆ. ಈ ಎರಡು ವಿದ್ಯಾಪೀಠಗಳಲ್ಲಿ ಯಾವುದು ಎಂಬ ಪ್ರಶ್ನೆಯೇ ನಮ್ಮ ಅಜ್ಜಂದಿರ ಕಾಲದಲ್ಲಿ ಇರಲಿಲ್ಲ. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿದ್ಯಾಪೀಠವೇ ಪುಣೆಗೂ ಧಾರವಾಡಕ್ಕೂ ಪರೀಕ್ಷೆ ನಡೆಸುತ್ತಿತ್ತು. 1885ರಲ್ಲಿ ಪ್ರಾರಂಭವಾದ ಇಲ್ಲಿಯ ಫರ್ಗ್ಯುಸನ್ ಕಾಲೇಜು, 1917ರಲ್ಲಿ ಪ್ರಾರಂಭವಾದ ಧಾರವಾಡದ ಕರ್ನಾಟಕ ಕಾಲೇಜು, ಎರಡೂ ಅದರ ಆಶ್ರಯದವೇ. ಕರ್ನಾಟಕ ಕಾಲೇಜು ಹುಟ್ಟುವ ಮೊದಲು ಧಾರವಾಡದ ಹುಡುಗರು ಪದವಿಗಾಗಿ ಪುಣೆಯ ದಾರಿ ಹಿಡಿಯುವುದು ವಾಡಿಕೆಯಾಗಿತ್ತು. ಬೇಂದ್ರೆಯವರು ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಆದರು. ಗೋಕಾಕರದು ತಿರುಗಿದ ದಾರಿ: ಅವರು ಧಾರವಾಡದಲ್ಲಿ ಆಂಗ್ಲ ಸಾಹಿತ್ಯವನ್ನು ಓದಿ, 1931ರಲ್ಲಿ ಇದೇ ಫರ್ಗ್ಯುಸನ್ ಕಾಲೇಜಿಗೆ ಅಧ್ಯಾಪಕರಾಗಿ ಬಂದರು, ಮುಂದೆ ಆಕ್ಸ್‌ಫರ್ಡಿಗೆ ಹೋದರು. ಸ್ವಾತಂತ್ರ್ಯಾನಂತರ ಮನೆ ಪಾಲಾಯಿತು. 1949ರ ಫೆಬ್ರುವರಿಯಲ್ಲಿ ಪುಣೆ ವಿದ್ಯಾಪೀಠ ಹುಟ್ಟಿತು. ಅದೇ ವರ್ಷ ಮುಂಬಯಿಯಲ್ಲೇ ಕಣ್ದೆರೆದ ಕರ್ನಾಟಕ ವಿದ್ಯಾಪೀಠ 1950ರಲ್ಲಿ ಧಾರವಾಡಕ್ಕೆ ಬಂದು ನೆಲೆಸಿತು. ಒಂದೇ ತಾಯಿಯ ಮಕ್ಕಳು, ಒಂದೇ ವರ್ಷ ಬೇರೆ ಮನೆ ಹೂಡಿದವರು. ಆದರೂ ಅರುವತ್ತು ವರ್ಷಗಳಲ್ಲಿ ಇಬ್ಬರ ಅಡುಗೆಯ ರೀತಿ ಎಷ್ಟು ಬೇರೆಯಾಯಿತೆಂಬುದು ಎರಡೂ ಪಠ್ಯಕ್ರಮಗಳನ್ನು ಎದುರಿಗಿಟ್ಟುಕೊಂಡಾಗ ನನಗೆ ತಿಳಿಯಿತು.

ಪಠ್ಯಕ್ರಮದ ಪುಸ್ತಿಕೆಗಳನ್ನು ಓದುವ ಅಭ್ಯಾಸ ನಮ್ಮವರಿಗಿಲ್ಲ. ಕಾಲೇಜಿನ ಕಟ್ಟಡವನ್ನು ನೋಡುತ್ತೇವೆ, ಹೆಸರನ್ನು ಕೇಳುತ್ತೇವೆ, ಮಾವನ ಮಗ ಎಲ್ಲಿ ಓದಿದನೆಂದು ವಿಚಾರಿಸುತ್ತೇವೆ. ಮೂರು ವರ್ಷ ನಾವು ಓದಬೇಕಾದುದು ಏನೆಂದು ಮಾತ್ರ ಕೇಳುವುದಿಲ್ಲ. ನನ್ನ ಉಪನ್ಯಾಸಕರು ಧಾರವಾಡದ ಪುಸ್ತಿಕೆಯನ್ನು ದೊರಕಿಸಿಕೊಟ್ಟರು. ಪುಣೆಯದನ್ನು ಅಣ್ಣ ಭಾನುವಾರದ ಬಸ್ಸಿನಲ್ಲಿ ಕಳಿಸಿದ. ಎರಡು ದಿನ ಅವುಗಳನ್ನು ಹರಡಿಕೊಂಡು ಕುಳಿತೆ. ಅಂದು ಧಾರವಾಡದ ಬಿ.ಎ. ಪದವಿಯಲ್ಲಿ ಮೂರು ಐಚ್ಛಿಕ ವಿಷಯಗಳನ್ನು ಸಮತೂಕದಿಂದ ಕೊನೆಯವರೆಗೆ ಓದಬೇಕಾಗಿತ್ತು. ಆಂಗ್ಲ ಸಾಹಿತ್ಯ ಅವುಗಳಲ್ಲೊಂದು. ಅದರ ಜೊತೆಗೆ ಕನ್ನಡವನ್ನೇ ಇನ್ನೊಂದು ಐಚ್ಛಿಕವಾಗಿ ತೆಗೆದುಕೊಳ್ಳುವ ಅವಕಾಶವಿತ್ತು. ಪುಣೆಯಲ್ಲಿ ಹಾಗಲ್ಲ. ಮೊದಲ ವರ್ಷ ಹಲವು ವಿಷಯಗಳ ರುಚಿ ತೋರಿಸಿ, ಎರಡನೆಯ ವರ್ಷದಿಂದ ಒಂದೇ ವಿಷಯವನ್ನು ‘ವಿಶೇಷ’ವಾಗಿ ಹಿಡಿಯಬೇಕು. ಆಂಗ್ಲ ಸಾಹಿತ್ಯವನ್ನು ವಿಶೇಷವಾಗಿ ಹಿಡಿದವನಿಗೆ ಎರಡನೆಯ ವರ್ಷ ನಾಟಕಕ್ಕೊಂದು ಪತ್ರಿಕೆ, ಕಾವ್ಯಕ್ಕೊಂದು. ಮೂರನೆಯ ವರ್ಷ ಕಾದಂಬರಿಗೊಂದು, ವಿಮರ್ಶೆಗೊಂದು. ಒಂದೆಡೆ ಮೂರು ಹೊಲಗಳನ್ನು ಹದವಾಗಿ ಉಳುವುದು, ಇನ್ನೊಂದೆಡೆ ಒಂದೇ ಬಾವಿಯನ್ನು ಆಳವಾಗಿ ತೋಡುವುದು. ಯಾವುದು ಮೇಲೆಂದು ನಾನು ಹೇಳಲಾರೆ. ಆದರೆ ಇವೆರಡೂ ಒಂದೇ ಎಂದವರು ಪುಸ್ತಿಕೆಯನ್ನು ತೆರೆದು ನೋಡಿರಲಿಕ್ಕಿಲ್ಲ.

ಮನಸ್ಸು ಧಾರವಾಡದ ಕಡೆಗೇ ವಾಲುತ್ತಿತ್ತು. ಆಂಗ್ಲ ಸಾಹಿತ್ಯವನ್ನು ಓದಿ ಕನ್ನಡದಲ್ಲಿ ಬರೆದವರ ಊರದು. 1890ರಿಂದ ನಡೆದುಬಂದ ವಿದ್ಯಾವರ್ಧಕ ಸಂಘ, 1933ರಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆ, ಬೇಂದ್ರೆಯವರೂ ಕುರ್ತಕೋಟಿಯವರೂ ಹರಟುತ್ತಿದ್ದ ಅದರ ‘ಅಟ್ಟ’, ಇವೆಲ್ಲದರ ಹೆಸರುಗಳನ್ನು ಕೇಳಿಯೇ ಮೈ ಪುಲಕಗೊಳ್ಳುವ ವಯಸ್ಸದು. ಕೀರ್ತಿನಾಥ ಕುರ್ತಕೋಟಿಯವರು ಗುಜರಾತಿನ ವಲ್ಲಭ ವಿದ್ಯಾನಗರದಲ್ಲಿ ಆಂಗ್ಲ ಸಾಹಿತ್ಯವನ್ನು ಬೋಧಿಸುತ್ತಲೇ ಕನ್ನಡ ವಿಮರ್ಶೆಯನ್ನು ಬೆಳೆಸಿದವರೆಂಬುದು ನನಗೆ ಆಗಲೇ ಗೊತ್ತಿತ್ತು.

ಆದರೆ ತೀರ್ಮಾನ ಮಾಡಿದುದು ಪಠ್ಯಕ್ರಮವಲ್ಲ, ಅಟ್ಟವೂ ಅಲ್ಲ, ಮನೆಯ ಲೆಕ್ಕ. ಧಾರವಾಡಕ್ಕೆ ಹೋದರೆ ವಸತಿಗೂ ಊಟಕ್ಕೂ ಮನೆಯಿಂದ ಹಣ ಬರಬೇಕು. ಹಾಗೆ ಬರಬೇಕಾದರೆ ತಂಗಿಯ ಓದು ಎಂಟಕ್ಕೇ ನಿಲ್ಲಬೇಕು. ಅಪ್ಪ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ‘ನಿನ್ನ ಮನಸ್ಸಿದ್ದಂತೆ ಮಾಡು’ ಎಂದರು. ಹಾಗೆ ಹೇಳುವ ತಂದೆಯ ಮುಂದೆ ಮಗನ ಮನಸ್ಸು ಎಷ್ಟು ಹೊತ್ತು ನಿಂತೀತು? ಪುಣೆಯಲ್ಲಾದರೋ ಅಣ್ಣನ ಕೋಣೆಯಿತ್ತು. ಸಾಯಂಕಾಲ ಕನ್ನಡಿಗರೊಬ್ಬರ ಉಪಾಹಾರಗೃಹದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ತಿಂಗಳಿಗೆ 3,000 ರೂಪಾಯಿ. ಅದರಲ್ಲಿ ಅರ್ಧ ಊರಿಗೆ ಹೋಗುತ್ತಿತ್ತು. ಹೀಗೆ ನಾನು ಪುಣೆಯವನಾದೆ.

ಪ್ರವೇಶದ ದಿನ ಕಚೇರಿಯ ಗುಮಾಸ್ತರೊಬ್ಬರು ನನ್ನ ಅಂಕಪಟ್ಟಿಯನ್ನು ತಿರುವಿ ಹಾಕಿ, ಕನ್ನಡ ಮಾಧ್ಯಮದವನಿಗೆ ಆಂಗ್ಲ ಸಾಹಿತ್ಯವೇಕೆ ಎಂದು ಮರಾಠಿಯಲ್ಲಿ ಕೇಳಿದರು. ನನಗೆ ಆಗ ಮರಾಠಿಯಲ್ಲಿ ಉತ್ತರ ಕೊಡಲು ಬರುತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತು. ಬೇರೆ ರಾಜ್ಯದ ಮಂಡಲಿಯಿಂದ ಬಂದವರು ಸ್ಥಳಾಂತರ ಪ್ರಮಾಣಪತ್ರವನ್ನು ಕೊಟ್ಟು, ಅರ್ಹತೆಯ ಅರ್ಜಿ ತುಂಬಬೇಕು. ಆ ಕಾಗದಕ್ಕಾಗಿ ಮತ್ತೊಮ್ಮೆ ಊರಿಗೆ ಹೋಗಿಬಂದೆ. ಮಕ್ಕಳೇ, ನೀವು ಕರ್ನಾಟಕಕ್ಕೆ ಓದಲು ಹೋಗುವುದಾದರೆ ಇದೇ ಕಾಗದ ನಿಮಗೂ ಬೇಕಾಗುತ್ತದೆ. ಮೊದಲೇ ತೆಗೆದಿಟ್ಟುಕೊಳ್ಳಿರಿ.

ಪುಣೆಯನ್ನು ಪೂರ್ವದ ಆಕ್ಸ್‌ಫರ್ಡ್ ಎಂದು ಕರೆಯುವುದುಂಟು. ಆ ಬಿರುದಿನಿಂದ ನನ್ನ ಬಾಡಿಗೆಯೇನೂ ಕಡಿಮೆಯಾಗಲಿಲ್ಲ. ಆದರೆ ಪುಸ್ತಕಗಳ ವಿಷಯದಲ್ಲಿ ಈ ಊರು ಬಡವನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅಪ್ಪಾ ಬಳವಂತ ಚೌಕದಲ್ಲಿ ಹಿಂದಿನ ವರ್ಷದವರು ಮಾರಿದ ಪುಸ್ತಕಗಳು ಅರ್ಧ ಬೆಲೆಗೆ ಸಿಕ್ಕುತ್ತಿದ್ದವು. ಅಂಚಿನಲ್ಲಿ ಅಪರಿಚಿತನೊಬ್ಬನು ಮರಾಠಿಯಲ್ಲಿ ಬರೆದ ಅರ್ಥಗಳು ಉಚಿತ. ಅವುಗಳಿಂದ ನಾನು ಆಂಗ್ಲವನ್ನೂ ಮರಾಠಿಯನ್ನೂ ಏಕಕಾಲಕ್ಕೆ ಕಲಿತೆ. 1848ರಲ್ಲಿ ಹುಟ್ಟಿದ ನಗರ ವಾಚನ ಮಂದಿರ ಇದೆ. ವಿದ್ಯಾಪೀಠದಲ್ಲಿ ಪ್ರಥಮ ಕುಲಪತಿಗಳಾದ ಜಯಕರರ ಹೆಸರಿನ ಗ್ರಂಥಾಲಯ ಇದೆ. ‘ಹ್ಯಾಮ್ಲೆಟ್’ ನಾಟಕದ ಮೂಲವನ್ನು ಕೊನೆಗೂ ಓದಿದ್ದು ಚೌಕದಲ್ಲಿ ಕೊಂಡ ಒಂದು ಹರಕು ಪ್ರತಿಯಲ್ಲಿ. ಮೊದಲ ಅಂಕಕ್ಕೆ ಹದಿನೈದು ದಿನ ಹಿಡಿಯಿತು. ಕೋಟೆಯ ಮೇಲೆ ಭೂತ ಕಾಣಿಸಿಕೊಂಡಾಗ ನನಗೆ ಭಯವಾಗಲಿಲ್ಲ, ಪರಿಚಯದವರನ್ನು ಕಂಡಂತಾಯಿತು. ತರಗತಿಯಲ್ಲಿ ಆಂಗ್ಲ ಶಾಲೆಯಿಂದ ಬಂದ ಗೆಳೆಯರಿಗೆ ಶಬ್ದಗಳು ಗೊತ್ತಿದ್ದವು. ನನಗೆ ಕತೆಯ ಕರುಳು ಗೊತ್ತಿತ್ತು. ಒಂದು ಭಾಷೆಯಲ್ಲಿ ಚೆನ್ನಾಗಿ ಓದಿದವನು ಇನ್ನೊಂದಕ್ಕೆ ಖಾಲಿ ಕೈಯಲ್ಲಿ ಹೋಗುವುದಿಲ್ಲವೆಂಬುದನ್ನು ಅಂದು ಕಂಡುಕೊಂಡೆ.

ಕನ್ನಡ ಮಾತ್ರ ನನ್ನ ವೇಳಾಪತ್ರಿಕೆಯಿಂದ ಸಂಪೂರ್ಣವಾಗಿ ಮಾಯವಾಯಿತು. ಮೂರು ವರ್ಷಗಳಲ್ಲಿ ಕನ್ನಡದ ಒಂದೇ ಒಂದು ವಾಕ್ಯವನ್ನು ಪರೀಕ್ಷೆಗಾಗಿ ಬರೆಯಲಿಲ್ಲ. ಉಪಾಹಾರಗೃಹದಲ್ಲಿ ಕನ್ನಡ ದಿನಪತ್ರಿಕೆ ಬರುತ್ತಿತ್ತು, ಒಂದು ದಿನ ಹಳೆಯದಾಗಿ. ತಂಗಿಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ಫೋನು ಇರುವಾಗ ಕಾಗದವೇಕೆಂದು ಅವಳು ನಗುತ್ತಿದ್ದಳು. ಭಾಷೆ ಕೈಯಿಂದ ಜಾರದಿರಲೆಂದು ಬರೆಯುತ್ತಿದ್ದೆನೆಂಬುದು ಅವಳಿಗೆ ಹೇಗೆ ತಿಳಿಯಬೇಕು? ನಿಮ್ಮಲ್ಲಿ ಹೆಚ್ಚಿನವರಿಗೂ ಹನ್ನೊಂದನೆಯ ಇಯತ್ತೆಯಿಂದ ಕನ್ನಡ ಪಾಠದ ಭಾಷೆಯಾಗಿ ಉಳಿಯುವುದಿಲ್ಲ. ಇಲ್ಲಿಯವರೆಗೆ ನಮ್ಮ ಬಾಲಭಾರತಿಯ ಕನ್ನಡ ಪುಸ್ತಕಗಳು ನಿಮ್ಮ ಚೀಲದಲ್ಲಿ ತಾವಾಗಿಯೇ ಬಂದು ಕುಳಿತಿರುತ್ತವೆ. ಮುಂದೆ ನೀವೇ ಹುಡುಕಿ ಇಟ್ಟುಕೊಳ್ಳಬೇಕು.

2011ರಲ್ಲಿ ಬಿ.ಎ. ಮುಗಿದಾಗ ಅದೇ ಪ್ರಶ್ನೆ ಮರಳಿ ಬಂತು: ಎಂ.ಎ. ಎಲ್ಲಿ? ಗಣೇಶಖಿಂಡದಲ್ಲಿಯೇ, ಬಸ್ಸಿನ ಹಾದಿಯಲ್ಲಿಯೇ ಪುಣೆ ವಿದ್ಯಾಪೀಠವಿತ್ತು. ಹಾಗೆ ನೋಡಿದರೆ ನಮ್ಮ ಊರೂ ಅಷ್ಟರಲ್ಲಿ ಧಾರವಾಡದ ವ್ಯಾಪ್ತಿಯಲ್ಲಿ ಉಳಿದಿರಲಿಲ್ಲ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿದ್ಯಾಪೀಠವಾದಾಗ ವಿಜಯಪುರ ಜಿಲ್ಲೆ ಅದಕ್ಕೆ ಸೇರಿತು. ಆದರೆ ಅಣ್ಣ ಆ ಹೊತ್ತಿಗೆ ತಾನೇ ಮೇಸ್ತ್ರಿಯಾಗಿದ್ದ. ‘ಎರಡು ವರ್ಷ ಮನೆಯನ್ನು ನಾನು ನೋಡಿಕೊಳ್ಳುತ್ತೇನೆ, ನೀನು ನಿನಗೆ ಬೇಕಾದಲ್ಲಿ ಹೋಗು’ ಎಂದ. ಮಿರಜ ಮಾರ್ಗವಾಗಿ ರಾತ್ರಿಯ ರೈಲು ಹಿಡಿದು ಧಾರವಾಡಕ್ಕೆ ಹೋದೆ.

ಅಲ್ಲಿ ಕಂಡುದನ್ನು ನಿಮಗೆ ವಿಶೇಷವಾಗಿ ಹೇಳಬೇಕು. ನನ್ನ ಸಹಪಾಠಿಗಳಲ್ಲಿ ಬಹುಮಂದಿ ಕನ್ನಡ ಮಾಧ್ಯಮದವರೇ. ಆಂಗ್ಲ ಕವಿತೆಯ ಮೇಲಿನ ಜಗಳವೆಲ್ಲ ಚಹದ ಅಂಗಡಿಯಲ್ಲಿ ಕನ್ನಡದಲ್ಲಿ ನಡೆಯುತ್ತಿತ್ತು. ಕಾದಂಬರಿ, ವಿಮರ್ಶೆ ಎಂದರೆ ನನಗೆ ಪುಣೆಯ ವಿಶೇಷ ಪತ್ರಿಕೆಗಳ ಬಲವಿತ್ತು. ಅವರು ಕೆಲವು ಸಲ ನನ್ನ ಟಿಪ್ಪಣಿಗಳನ್ನು ಕೇಳಿ ಪಡೆಯುತ್ತಿದ್ದರು. ಆದರೆ ಕನ್ನಡವನ್ನೂ ಐಚ್ಛಿಕವಾಗಿ ಓದಿ ಬಂದವರು, ಅಧ್ಯಾಪಕರು ಅರಿಸ್ಟಾಟಲನ ಮಾತೆತ್ತಿದೊಡನೆ, ಆನಂದವರ್ಧನನ ಧ್ವನಿಯನ್ನೂ ‘ಕವಿರಾಜಮಾರ್ಗ’ವನ್ನೂ ಪಕ್ಕದಲ್ಲಿ ತಂದು ನಿಲ್ಲಿಸುತ್ತಿದ್ದರು. ಆಗ ಟಿಪ್ಪಣಿ ಕೇಳುವ ಸರದಿ ನನ್ನದು. ಹೀಗೆ ಒಂದೇ ತಾಯಿಯ ಎರಡು ಮಕ್ಕಳ ಅಡುಗೆಯನ್ನೂ ಉಂಡೆ. ಎ.ಕೆ. ರಾಮಾನುಜನ್ನರು ಮೈಸೂರಿನಲ್ಲಿ ಆಂಗ್ಲ ಸಾಹಿತ್ಯ ಓದಿ, ಬೆಳಗಾವಿಯಲ್ಲಿ ಬೋಧಿಸಿ, 1958ರ ಸುಮಾರಿಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರವನ್ನು ಅಭ್ಯಾಸ ಮಾಡಿ ಅಮೆರಿಕೆಗೆ ಹೋದವರು. ವಚನಗಳನ್ನು ಜಗತ್ತಿಗೆ ಆಂಗ್ಲದಲ್ಲಿ ಕೊಟ್ಟ ಆ ಕೈ ಎಷ್ಟು ಊರುಗಳ ನೀರು ಕುಡಿದಿತ್ತೆಂದು ನಾನು ಧಾರವಾಡದಲ್ಲಿ ಕುಳಿತು ಲೆಕ್ಕ ಹಾಕಿದ್ದೇನೆ.

ಇಂದು ನಿಮ್ಮೆದುರಿಗಿರುವ ಲೆಕ್ಕ ಬೇರೆ. 2014ರಲ್ಲಿ ಸಾವಿತ್ರಿಬಾಯಿ ಫುಲೆ ಅವರ ಹೆಸರನ್ನು ಪಡೆದ ಪುಣೆ ವಿದ್ಯಾಪೀಠದಲ್ಲಿ ಹೊಸ ಶಿಕ್ಷಣ ನೀತಿಯಂತೆ ಮೂರು ವರ್ಷಕ್ಕೂ ಮುಗಿಸಬಹುದು, ನಾಲ್ಕನೆಯ ವರ್ಷವನ್ನೂ ಓದಬಹುದು. ಕರ್ನಾಟಕ ಸರಕಾರ 2024ರಲ್ಲಿ ನಾಲ್ಕು ವರ್ಷದ ಪದ್ಧತಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೇ ಮರಳಿದೆ. ಕೇಂದ್ರೀಯ ವಿದ್ಯಾಪೀಠಗಳಿಗಾಗಿ 2022ರಿಂದ ನಡೆಯುತ್ತಿರುವ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಕನ್ನಡ ಅವುಗಳಲ್ಲೊಂದು. ಪಠ್ಯಕ್ರಮಗಳನ್ನು ಬಸ್ಸಿನಲ್ಲಿ ತರಿಸುವ ಕಷ್ಟವೂ ಈಗಿಲ್ಲ. ಶಾಲೆಯ ಗಣಕಯಂತ್ರದಲ್ಲಿಯೇ ನೋಡಬಹುದು. ನೋಡುವಾಗ ಇಡೀ ಕೃತಿಗಳನ್ನು ಓದಿಸುತ್ತಾರೆಯೋ, ತುಣುಕುಗಳನ್ನು ಮಾತ್ರ ಕೊಡುತ್ತಾರೆಯೋ ಎಂಬುದನ್ನು ಗಮನಿಸಿರಿ. ಕಾಲೇಜಿಗೆ ಹೋದಾಗ ಕಚೇರಿಗಿಂತ ಮೊದಲು ಗ್ರಂಥಾಲಯವನ್ನು ಹೊಕ್ಕು, ಪುಸ್ತಕಗಳ ಮೇಲೆ ಧೂಳಿದೆಯೋ ಬೆರಳಿನ ಗುರುತುಗಳಿವೆಯೋ ನೋಡಿರಿ. ಮನೆಯಲ್ಲಿ ಹಣದ ಮಾತೆತ್ತಲು ನಾಚಬೇಡಿರಿ. ನಿಮ್ಮ ತಂದೆತಾಯಿಯರು ಅದನ್ನು ನಿಮಗಿಂತ ಮೊದಲೇ ಎಣಿಸಿ ಸುಮ್ಮನಿರುತ್ತಾರೆ.

ನನ್ನ ತಂಗಿಯ ಮಾತು ಉಳಿಯಿತು. ಅವಳೂ ಆಂಗ್ಲ ಸಾಹಿತ್ಯವನ್ನೇ ಓದಿದಳು, ವಿಜಯಪುರದ ಮಹಿಳಾ ವಿದ್ಯಾಪೀಠಕ್ಕೆ ಸೇರಿದ ಕಾಲೇಜಿನಲ್ಲಿ. 2013ರಲ್ಲಿ ಅವಳಿಗೆಂದು ನಾನು ನಾಲ್ಕು ವಿದ್ಯಾಪೀಠಗಳ ಪಠ್ಯಕ್ರಮಗಳನ್ನು ಹೊಂದಿಸಿಕೊಂಡು ಊರಿಗೆ ಹೋಗಿದ್ದೆ. ಅವಳು ಅವುಗಳನ್ನು ಬಿಚ್ಚಲೇ ಇಲ್ಲ. ಸಂಜೆಯ ಬಸ್ಸಿಗೆ ಮನೆ ಸೇರಬಹುದಾದ ಕಾಲೇಜು ಯಾವುದೆಂದು ಅವ್ವನನ್ನು ಕೇಳಿ, ಅಲ್ಲಿಯೇ ಹೆಸರು ಹಚ್ಚಿದಳು. ಈಗ ಅಲ್ಲಿಯದೇ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷು ಕಲಿಸುತ್ತಾಳೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅವಳ ಕಪಾಟಿನಲ್ಲಿ, ನಾನು ಬರೆದ ಕಾಗದಗಳ ಕಟ್ಟಿನ ಪಕ್ಕದಲ್ಲಿ, ನಾನಿನ್ನೂ ಓದಿರದ ಆರು ಕಾದಂಬರಿಗಳಿದ್ದವು.