ಪದದ ತುದಿ
ಐಚ್ಛಿಕ ಕನ್ನಡ ಓದಿದ ನನಗೆ ದೊರೆತದ್ದು ಮಕ್ತಲ್ ಬಳಿಯ ಅಕ್ಕಿ ಗಿರಣಿಯೊಂದರಲ್ಲಿ ಯಂತ್ರಗಳ ಪರದೆಗೆ ಬರಹ ಸಿದ್ಧಪಡಿಸುವ ಕೆಲಸ. ನಾರಾಯಣಪೇಟೆ, ಗದ್ವಾಲಗಳಿಂದ ಬರುವ ನಿರ್ವಾಹಕರಲ್ಲಿ ಕನ್ನಡ ಶಾಲೆಯಲ್ಲಿ ಕಲಿತವರೂ ತೆಲುಗು ಶಾಲೆಯಲ್ಲಿ ಕಲಿತವರೂ ಇದ್ದುದರಿಂದ ಪರದೆ ಎರಡೂ ಭಾಷೆಗಳಲ್ಲಿತ್ತು.

ನಿಯಂತ್ರಣ ಕೊಠಡಿಯ 21 ಇಂಚಿನ ಪುಟವನ್ನೇ ಬಾಯ್ಲರ್ ಪಕ್ಕದ 7 ಇಂಚಿನ ಪರದೆಗೆ ಇಳಿಸಿದೆ. ಚೌಕಗಳು ಕಿರಿದಾದವು. ‘ಹಬೆಯ ವಾಲ್ವ್ ಮುಚ್ಚಲಾಗಿಲ್ಲ’ ಎಂಬುದು ‘ಮುಚ್ಚಲಾಗಿ’ ಎಂಬಲ್ಲಿಗೇ ತುಂಡಾಯಿತು. ಮುಚ್ಚಿದೆಯೆಂದು ನಂಬಿದ ಹಿರಿಯ ನಿರ್ವಾಹಕರೊಬ್ಬರು ಕೊಳವೆಯ ಜೋಡಣೆ ಬಿಚ್ಚಲು ಹೋದರು. ಸಹಾಯಕ ಕೂಗಿದ್ದರಿಂದ ಕೈ ಉಳಿಯಿತು.

“ಇದನ್ನ ಬರ್ದವ್ರು ಯಾರಪಾ?” ಎಂದಷ್ಟೇ ಕೇಳಿದರು. ನಾನು ತಲೆ ತಗ್ಗಿಸಿದೆ.

ಕನ್ನಡದಲ್ಲಿ ನಿಷೇಧಾರ್ಥ ಕ್ರಿಯಾಪದದ ತುದಿಯಲ್ಲಿ ಬರುತ್ತದೆ, ತೆಲುಗಿನಲ್ಲೂ ಹಾಗೆಯೇ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ಈ ಮಾತು ನನಗೆ ಅರ್ಥವಾದದ್ದು ಅಂದು.

ಈಗ ಸಣ್ಣ ಪರದೆಗೆ ಬೇರೆಯೇ ಪುಟ ಬರೆಯುತ್ತೇನೆ. ಅಲ್ಲಿ ನಿಂತವರಿಗೆ ಆ ಕ್ಷಣ ಬೇಕಾದ ನಾಲ್ಕೇ ಸಂಗತಿಗಳು. ಒತ್ತಕ್ಷರ ಕೆಳಸಾಲಿಗೆ ತಾಗದಷ್ಟು ಅಂತರ. ‘ಮುಚ್ಚಲಾಗಿಲ್ಲ’ ಎಂಬುದರ ಬದಲು ‘ತೆರೆದಿದೆ’. ಇದರ ತುದಿ ಮರೆಯಾದರೂ ಅರ್ಥ ತಿರುಗದು. ಪ್ರತಿ ಪುಟವನ್ನೂ ಮೊದಲು ಆ ಹಿರಿಯರ ಮುಂದೆ ಹಿಡಿಯುತ್ತೇನೆ. ಅವರು ಗಟ್ಟಿಯಾಗಿ ಓದಿದ ಮೇಲೆಯೇ ಅದು ಯಂತ್ರಕ್ಕೆ ಸೇರುತ್ತದೆ.