ಅಟಕುವ ಆಟದ ಬೆನ್ನು ಹತ್ತಿ

ಗೇಮ್ ಆಡುವುದರಲ್ಲಿ ನಾನು ಹೇಳಿಕೊಳ್ಳುವಂಥವನಲ್ಲ. ಇಎ ಕ್ರಿಕೆಟ್ 07ರಲ್ಲಿ ಈಗಲೂ ಹತ್ತು ಓವರಿನೊಳಗೆ ಆಲೌಟ್. ಆದರೆ ಯಾರದಾದರೂ ಲ್ಯಾಪ್‌ಟಾಪಿನಲ್ಲಿ ಗೇಮ್ ಅಟಕುತ್ತಿದೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಊಟದ ತಾಟು ಅಲ್ಲಿಗೇ ಬಿಟ್ಟು ಏಳುತ್ತೇನೆ. ಹುಮನಾಬಾದಿನ ನಮ್ಮ ಓಣಿಗೆಲ್ಲ ಇದು ಗೊತ್ತು. ಬಸವಕಲ್ಯಾಣದಲ್ಲಿ ಅಕ್ಕನ ಮನೆಗೆ ಹೋದರಂತೂ ಚಹಾ ಬರುವ ಮೊದಲೇ ಅಳಿಯನ ಲ್ಯಾಪ್‌ಟಾಪ್ ನನ್ನ ತೊಡೆಯ ಮೇಲಿರುತ್ತದೆ.

"ಮಾಮಾ, ಭಾಳ ಸ್ಲೋ ಆಗ್ಯಾದ. ಹೊಸಾದು ಕೊಡಸ್ರಿ ಅಂತ ಪಪ್ಪಾಗ ನೀವೇ ಹೇಳ್ರಿ."

ಕೊಡಿಸುವ ಮಾತು ಆಮೇಲೆ. ಮೊದಲು ವಿಚಾರಣೆ. ಆಟ ಶುರುವಾದಾಗಿನಿಂದಲೇ ನಿಧಾನವೋ, ಹತ್ತು ನಿಮಿಷ ಆದಮೇಲೋ? ಒಂದೇ ಸಮ ಎಳೆದಾಡುತ್ತದೋ, ಚೆನ್ನಾಗಿ ಓಡುತ್ತಿರುವಾಗಲೇ ತಟ್ಟನೆ ನಿಂತು ಮುಂದೆ ಜಿಗಿಯುತ್ತದೋ? ಚಾರ್ಜರ್ ಹಚ್ಚಿದಾಗಲೂ ಹಾಗೆಯೋ? ಆನ್‌ಲೈನ್ ಆಟದಲ್ಲಿ ಮಾತ್ರ ಹೀಗಾಗುತ್ತದೆ ಎಂದರೆ ಲ್ಯಾಪ್‌ಟಾಪಿನ ತಪ್ಪೇ ಇರಲಿಕ್ಕಿಲ್ಲ, ಅಪರಾಧಿ ನೆಟ್‌ವರ್ಕ್. ಹುಡುಗರಿಗೆ ಈ ಪ್ರಶ್ನೆಗಳು ಬೇಸರ. ನನಗೋ ಅರ್ಧ ಸುಖ ಇದರಲ್ಲೇ ಇದೆ.

ಸೆಕೆಂಡಿಗೆ 60 ಚಿತ್ರ ಮೂಡಿದರೆ ಆಟ ನುಣ್ಣಗೆ ಸಾಗುತ್ತದೆ. ಅಂದರೆ ಒಂದೊಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಮೋಸ ಇರುವುದು ಸರಾಸರಿಯಲ್ಲಿ. ಪರದೆಯ ಮೂಲೆಯ ಅಂಕಿ 60ರ ಹತ್ತಿರವೇ ತೋರಿಸುತ್ತಿರುತ್ತದೆ, ನಡುವೆ ಒಂದೇ ಒಂದು ಚಿತ್ರ 100 ಮಿಲಿಸೆಕೆಂಡ್ ತಿಂದಿರುತ್ತದೆ. ಬೌಲರ್ ಓಡಿಬಂದ, ಚೆಂಡು ಕೈಬಿಟ್ಟಿತು, ಪರದೆ ಒಂದು ಕ್ಷಣ ಹಿಡಿದುಕೊಂಡಿತು, ಅಷ್ಟರಲ್ಲಿ ಮಿಡಲ್ ಸ್ಟಂಪ್ ಹಾರಿತು. ಅದಕ್ಕೇ ನಾನು ಆಫ್ಟರ್‌ಬರ್ನರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ಒಂದೊಂದು ಚಿತ್ರ ತಿಂದ ಸಮಯ ತೋರಿಸುವ ಫ್ರೇಮ್‌ಟೈಮ್ ಗೆರೆಯನ್ನು ನೋಡುತ್ತ ಕೂಡುತ್ತೇನೆ. ಗೆರೆ ಚಪ್ಪಟೆಯಾಗಿದ್ದರೆ ನೆಮ್ಮದಿ. ಒಮ್ಮೆ ಮೊಳೆ ಎದ್ದ ಹಾಗೆ ಮೇಲೆದ್ದಿತೋ, ಬೇಟೆ ಸುರು.

ಕೆಲವು ಸಲ ಬೇಟೆ ಎರಡೇ ನಿಮಿಷದ್ದು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ: ಪ್ರೊಸೆಸರಿನೊಳಗೇ ಇರುವ ಚಿಕ್ಕದೊಂದು, ಅದಲ್ಲದೆ ದುಡ್ಡು ಸುರಿದು ತಂದ ದೊಡ್ಡದೊಂದು. ಗೇಮ್ ಚಿಕ್ಕದರ ತಲೆಗೇ ಬಿದ್ದು, ದೊಡ್ಡದು ಆರಾಮಾಗಿ ಮಲಗಿರುತ್ತದೆ. ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಯೊಳಗೆ ಗ್ರಾಫಿಕ್ಸ್ ಎಂಬ ಪುಟ ಇದೆ. ಅಲ್ಲಿ ಆ ಗೇಮಿಗೆ ಹೈ ಪರ್ಫಾರ್ಮೆನ್ಸ್ ಆರಿಸಿದರೆ ಮುಗಿಯಿತು. ನಮ್ಮ ಓಣಿಯ ಡಿಗ್ರಿ ಹುಡುಗನೊಬ್ಬನದು ಬೇರೆಯೇ ಕಥೆ. ಅವನದರಲ್ಲಿ ದೊಡ್ಡ ಗ್ರಾಫಿಕ್ಸೇ ಇಲ್ಲ. ಚಿಕ್ಕದಕ್ಕೆ ಸ್ವಂತ ಮೆಮೊರಿಯೂ ಇಲ್ಲ, ರ‍್ಯಾಮಿನಿಂದಲೇ ಕಡ ತರಬೇಕು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟ ನೋಡಿದರೆ ಎರಡು ಸ್ಲಾಟಿನಲ್ಲಿ ಒಂದು ಖಾಲಿ. ಅದೇ ಜಾತಿಯ ಇನ್ನೊಂದು 8 ಜಿಬಿ ಪಟ್ಟಿ ಕೂರಿಸಿದೆವು. ದತ್ತಾಂಶ ಓಡಾಡುವ ದಾರಿ ಒಂದಿದ್ದದ್ದು ಎರಡಾಯಿತು, ಆಟದ ನಡಿಗೆಯೇ ಬದಲಾಯಿತು. ಒಂದು ಮಾತು: ಡಿಡಿಆರ್4 ಇರುವ ಕಡೆ ಡಿಡಿಆರ್5 ಕೂರುವುದಿಲ್ಲ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡು ತರಬಾರದು.

ಜಿಟಿಎ 5ರಂಥ ಆಟದಲ್ಲಿ ಕಾರು ಜೋರಾಗಿ ಓಡಿಸಿದಾಗ ಮಾತ್ರ ರಸ್ತೆ, ಕಟ್ಟಡ ತಡವಾಗಿ ಮೂಡಿದರೆ ನನ್ನ ಕಣ್ಣು ಹಾರ್ಡ್ ಡಿಸ್ಕಿನ ಮೇಲೆ. ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ ಆ ಕಾರಿನ ವೇಗಕ್ಕೆ ಊರನ್ನು ಒದಗಿಸಲಾರದು. ಗೇಮನ್ನು ಎಸ್‌ಎಸ್‌ಡಿಗೆ ಸಾಗಿಸಬೇಕು, ಅಷ್ಟೇ.

ಅಳಿಯನ ಲ್ಯಾಪ್‌ಟಾಪ್ ಇದ್ಯಾವುದಕ್ಕೂ ಸಿಗಲಿಲ್ಲ. ಮೊದಲ ಹತ್ತು ನಿಮಿಷ ಕುದುರೆ, ಆಮೇಲೆ ಕುಂಟು. ಅಂಕಿಗಳನ್ನು ಪರದೆಯ ಮೂಲೆಗೆ ತರಿಸಿ ಕಾದೆ. ಪ್ರೊಸೆಸರಿನ ತಾಪ 80, 88, 95... ಅಲ್ಲಿಗೆ 3 ಗಿಗಾಹರ್ಟ್ಸ್ ಮೇಲಿದ್ದ ವೇಗ ದಡಕ್ಕನೆ ಒಂದೂವರೆಗೆ ಇಳಿಯಿತು. ಸುಟ್ಟುಹೋಗದಿರಲಿ ಎಂದು ಚಿಪ್ ತಾನೇ ತನ್ನ ಓಟ ತಗ್ಗಿಸಿಕೊಳ್ಳುತ್ತದೆ. ಕೆಟ್ಟಿಲ್ಲ, ಜೀವ ಉಳಿಸಿಕೊಳ್ಳುತ್ತಿದೆ. ಅದೂ ಮೇ ತಿಂಗಳು. ಫ್ಯಾನ್ ಒಳಗೆಳೆದುಕೊಳ್ಳುವ ಗಾಳಿಯೇ 40 ಡಿಗ್ರಿ ಇದ್ದರೆ ಅದು ತಂಪು ಮಾಡುವುದು ಯಾವುದನ್ನು? ಡಿಸೆಂಬರಿನಲ್ಲಿ ಇದೇ ಯಂತ್ರ ತಕರಾರಿಲ್ಲದೆ ಓಡಿತ್ತಂತೆ. ಮೇಲಾಗಿ ಹುಡುಗ ಅದನ್ನು ಇಟ್ಟುಕೊಂಡು ಆಡುವುದು ಅವರಜ್ಜಿ ಹೊಲಿದ ಕೌದಿಯ ಮೇಲೆ. ಕೆಳಗಿನ ಗಾಳಿಕಿಂಡಿಗಳೆಲ್ಲ ಬಂದ್.

ಕೌದಿ ತೆಗೆಸಿದಾಗ ತಾಪ ಕೊಂಚ ಇಳಿಯಿತು, ಸಾಲಲಿಲ್ಲ. ಸರಿ, ಬೆನ್ನು ಬಿಚ್ಚುವುದೇ. ವಾರಂಟಿ ಇದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ, ಅದು ಮುಗಿದಿತ್ತು. ಬಿಚ್ಚಿದ ಸ್ಕ್ರೂಗಳನ್ನು ಯಾವ ಮೂಲೆಯವು ಆ ಮೂಲೆಗೇ ಬರುವಂತೆ ಕಾಗದದ ಮೇಲೆ ಇಟ್ಟೆ. ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು. ಆಮೇಲೆ ಫ್ಯಾನ್ ಎತ್ತಿದರೆ, ತಾಮ್ರದ ನಳಿಗೆಯ ತುದಿಯಲ್ಲಿರುವ ತೆಳು ರೆಕ್ಕೆಗಳಿಗೆ ಒಳಗಿನಿಂದ ಬೂದುಬಣ್ಣದ ಧೂಳಿನ ಕಂಬಳಿ ಹೊದಿಸಿದ ಹಾಗಿತ್ತು. ಚಿಮಟಿಗೆಯಿಂದ ಎಳೆದರೆ ಇಡೀ ಒಂದು ಪಟ್ಟಿಯಾಗಿ ಎದ್ದು ಬಂತು.

ಬಸವಕಲ್ಯಾಣ ಎಂದರೆ ಹೊರಗಿನವರಿಗೆ ಅನುಭವ ಮಂಟಪ, ಚಾಲುಕ್ಯರ ರಾಜಧಾನಿ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಓಡಾಡುವವರಿಗೆ ಅದು ಲಾರಿಗಳ ಊರು. ಅಕ್ಕನ ಪಕ್ಕದ ಮನೆಯಲ್ಲೂ ಒಬ್ಬ ಲಾರಿ ಮೇಸ್ತ್ರಿ ಇದ್ದಾರೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಆ ಪಟ್ಟಿ ಕಂಡದ್ದೇ ತಡ, "ರೇಡಿಯೇಟರ್ ಚೋಕ್ ಆಗ್ಯಾದ ನೋಡ್ರಿ, ಇಂಜಿನ್ ಪಾಪ ಏನ್ ಮಾಡ್ಬೇಕು" ಎಂದರು. ಕಂಪ್ಯೂಟರ್ ಮುಟ್ಟದ ಮನುಷ್ಯ. ನಾನು ಅರ್ಧ ತಾಸು ಅಂಕಿ ನೋಡಿ ಕಂಡುಕೊಂಡದ್ದು ಅವರಿಗೆ ನಿಂತಲ್ಲೇ ಕಂಡಿತು. ಅವರಿಂದಲೇ ಬ್ಲೋವರ್ ತರಿಸಿದೆ. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಬೇಕು, ಅಂಕೆಯಿಲ್ಲದೆ ತಿರುಗಿದರೆ ಬೇರಿಂಗ್ ಹೋಗುತ್ತದೆ. ಚಿಪ್ಪಿನ ಮೇಲಿನ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಜೋಳದ ಕಾಳಿನಷ್ಟು ಹೊಸದನ್ನು ಇಟ್ಟೆ. ಮುಚ್ಚುವಾಗ ಸ್ಕ್ರೂಗಳನ್ನು ಒಂದೇ ಕಡೆಯಿಂದ ಬಿಗಿಯದೆ ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋದೆ. ಮೇಸ್ತ್ರಿ ತಲೆಯಾಡಿಸಿದರು. ಲಾರಿಯ ಹೆಡ್ಡಿಗೂ ಅದೇ ಕ್ರಮವಂತೆ.

ತಾಪ 80 ದಾಟಲಿಲ್ಲ.

ಉಳಿದದ್ದು ಸೆಟ್ಟಿಂಗ್. ಅಲ್ಲೇ ನನಗೂ ಅಳಿಯನಿಗೂ ಜಗಳ. ಎಲ್ಲವೂ ಅಲ್ಟ್ರಾದಲ್ಲೇ ಇರಬೇಕು ಎಂಬುದು ಅವನ ಹಟ. ನನ್ನ ಮಟ್ಟಿಗೆ ಅಲ್ಟ್ರಾ ಎಂಬುದು ಗೆಳೆಯರಿಗೆ ತೋರಿಸಲಿಕ್ಕೆ ಇರುವಂಥದ್ದು. ನೆರಳನ್ನು ಒಂದು ಹಂತ ಇಳಿಸಿದರೆ ಆಟದ ಭಾರ ಎಷ್ಟೋ ಕಡಿಮೆ. 1920x1080 ಎಂದರೆ 20 ಲಕ್ಷ 73 ಸಾವಿರ ಚುಕ್ಕೆ, 1280x720 ಎಂದರೆ 9 ಲಕ್ಷ 21 ಸಾವಿರ, ಅರ್ಧಕ್ಕಿಂತಲೂ ಕಡಿಮೆ ದುಡಿಮೆ. ಮಸುಕಾಗುತ್ತದೆ ಎಂದು ಅವನು ಮುಖ ಊದಿಸಿದ. ನೆರಳು ಇಳಿಸಿ ರೆಸಲ್ಯೂಶನ್ ಹಾಗೇ ಬಿಡುವುದೆಂದು ರಾಜಿಯಾಯಿತು. ನನ್ನದು ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಆಟದ ಅದೇ ಜಾಗದಲ್ಲಿ ಮತ್ತೆ ನೋಡಬೇಕು. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಗುಣವಾದದ್ದು ಯಾವುದರಿಂದ ಎಂದು ಬ್ರಹ್ಮನಿಗೂ ತಿಳಿಯದು. ಇನ್ನು ಗೇಮ್ ಬೂಸ್ಟರ್ ಎಂದು ಹೆಸರಿಟ್ಟುಕೊಂಡು ಬರುವ ಸಾಫ್ಟ್‌ವೇರುಗಳನ್ನು ಕಂಡಲ್ಲಿ ಕಿತ್ತುಹಾಕುತ್ತೇನೆ. ಹಿನ್ನೆಲೆಯಲ್ಲಿ ಕೂತು ತಿನ್ನುವ ಬಾಯಿ ಅವೂ ಒಂದು.

ಅಕ್ಕನ ಗಂಡನ ಜೇಬು ಉಳಿಯಿತು. ಮೇಸ್ತ್ರಿಯ ಮಗನ ಲ್ಯಾಪ್‌ಟಾಪ್ ಈಗ ನನ್ನ ಜೊತೆ ಹುಮನಾಬಾದಿಗೆ ಬಂದಿದೆ. ತಾಪ ಸರಿಯಿದೆ, ಧೂಳಿಲ್ಲ, ರ‍್ಯಾಮ್ ಎರಡೂ ಕೂತಿವೆ, ಆದರೂ ಚಾರ್ಜರ್ ಹಚ್ಚಿದ ಮೇಲೂ ಬ್ಯಾಟರಿಯ ಮೇಲೆ ಓಡುತ್ತಿರುವ ಹಾಗೆ ಕುಂಟುತ್ತದೆ. ಒರಿಜಿನಲ್ ಚಾರ್ಜರ್ ಕಳೆದು ಬೇರೆಯದನ್ನು ಕೊಂಡರಂತೆ. ನನ್ನ ಗುಮಾನಿ ಅದರ ಮೇಲೆಯೇ. ಯಂತ್ರದ ತಳದಲ್ಲಿ 19.5 ವೋಲ್ಟ್, 7.7 ಆಂಪಿಯರ್ ಎಂದಿದೆ, ಅಂದರೆ 150 ವ್ಯಾಟ್. ಚಾರ್ಜರಿನ ಚೀಟಿಯಲ್ಲಿ ಅಕ್ಷರ ಅಳಿಸಿ, 3ರಿಂದ ಸುರುವಾಗುವ ಆಂಪಿಯರ್ ಮಾತ್ರ ಕಾಣುತ್ತಿದೆ. ಭೂತಗನ್ನಡಿ ಹುಡುಕುತ್ತಿದ್ದೇನೆ.